ಟೀವಿ ಮಾತು ಕೇಳಿ ಪಶುಪತಿನಾಥನ್ನ ಬಿಡಬ್ಯಾಡ್ರಿ

ನಮ್ಮ ಓಣಿಯ ಆರು ಮಂದಿ ಪಶುಪತಿನಾಥಕ್ಕ ಹೋಗ್ಬೇಕಂತ ವರ್ಷಗಟ್ಲೆ ಸಂಘದಾಗ ರೊಕ್ಕ ಕೂಡಿಸಿದ್ರು. ಈಗ ಬ್ಯಾಡಂತ. ಯಾಕ್ರವ್ವಾ ಅಂದ್ರ, "ನೇಪಾಳ ಹತ್ತಿ ಉರಿಯಾಕತ್ತೈತಿ, ಟೀವಿಯಾಗ ನೋಡಿವಿ" ಅಂತಾರ. ಯಾವತ್ತಿಂದು ನೋಡಿದ್ರಿ ಅಂದ್ರ ಒಬ್ಬರಿಗೂ ಗೊತ್ತಿಲ್ಲ.

ಉರಿದಿದ್ದು ಸುಳ್ಳಲ್ಲ. 2025ರ ಸೆಪ್ಟೆಂಬರ್ 8ಕ್ಕ ಪೊಲೀಸರು ಗುಂಡು ಹಾರಿಸಿ ಒಂದೇ ದಿನ 19 ಮಂದಿ ಸತ್ರು. ಮರುದಿನ ಪ್ರಧಾನಿ ಓಲಿ ಕುರ್ಚಿ ಬಿಟ್ರು, ಪಾರ್ಲಿಮೆಂಟಿಗೆ ಬೆಂಕಿ ಬಿತ್ತು. ಹೋಟೆಲಿಗೆ ಬೆಂಕಿ ಹಚ್ಚಿದಾಗ ನಮ್ಮ ದೇಶದ ಹೆಣ್ಮಗಳೊಬ್ಬಳು ಜೀವ ಕಳಕೊಂಡ್ಲು. ಆ ವಾರ ಯಾರಾದ್ರೂ ಹೊಂಟಿದ್ರ ನಾನೇ ಬಾಗಿಲಿಗೆ ಅಡ್ಡ ನಿಂದರ್ತಿದ್ದೆ. ಆದ್ರ 10ನೇ ತಾರೀಖು ಸಂಜಿಗೇ ವಿಮಾನ ಸುರುವಾದ್ವು. 12ಕ್ಕ ಸುಶೀಲಾ ಕಾರ್ಕಿ ಅನ್ನೋ ಹೆಣ್ಮಗಳು ಪ್ರಧಾನಿ ಆದ್ಲು, ಆ ದೇಶದಾಗ ಮೊದಲನೇಕಿ. ಬೆಂಕಿ ನೂರು ಸಲ ನೋಡಿದ ನೀವು ಆಕಿ ಮುಖ ಎಷ್ಟು ಸಲ ನೋಡೀರಿ?

2017ರಾಗ ಕೊಟ್ಟೂರು ತೇರು ಮಗುಚಿ ಬಿದ್ದಾಗ್ಲೂ ಟೀವಿಯೋರು ಬಿದ್ದಿದ್ದನ್ನೇ ಮತ್ತ ಮತ್ತ ಬೀಳಿಸಿದ್ರು. ಕೊಟ್ಟೂರಿಗೆ ಹೋಗೋದು ಬಿಟ್ಟೀವೇನು? ಅದು ನಮ್ಮೂರು, ಗೊತ್ತಿರೋ ಜಾಗ.

ಹಂಗ ನೋಡಿದ್ರ ನಾವೂ ಇನ್ನೊಬ್ಬರ ಟೀವಿಯಾಗ ಬಂದೋರೇ. 2025ರ ಮಾರ್ಚ್ 6ರ ರಾತ್ರಿ ಇಲ್ಲೇ ಹಂಪಿ ಆಚಿಗೆ ಸಾಣಾಪುರದ ಕಾಲುವಿ ದಂಡಿ ಮ್ಯಾಲೆ ಇಸ್ರೇಲಿನ ಹುಡುಗಿ, ಹೋಂಸ್ಟೇ ನಡೆಸೋ ನಮ್ಮ ಹೆಣ್ಮಗಳು, ಇಬ್ಬರ ಮ್ಯಾಲೂ ಅತ್ಯಾಚಾರ ಆತು. ಒಡಿಶಾದ ಹುಡುಗನ್ನ ಕಾಲುವಿಗೆ ನೂಕಿ ಕೊಂದ್ರು. ಲೋಕಕ್ಕೆಲ್ಲಾ ಸುದ್ದಿ ಆತು. "ಹಂಪಿ ಕಡೆ ಕಾಲಿಡಬ್ಯಾಡ" ಅಂತ ಅಲ್ಲಿ ತಾಯಂದ್ರು ಅಂದ್ರ ನನಗ ಸಿಟ್ಟಿಲ್ಲ. ಆದ್ರ ಕೇಳ್ಬೇಕಾದ್ದು ಬ್ಯಾರೆ ಐತಿ: ಆ ದಂಡಿಗೆ ದೀಪ ಇತ್ತಾ? ರಾತ್ರಿ ಪೊಲೀಸರು ತಿರುಗ್ತಿದ್ರಾ? ಅಂಥಾ ಪ್ರಶ್ನಿಗೆ ಢಣಢಣ ಸಂಗೀತ ಕೂಡಿ ಬರಂಗಿಲ್ಲ ನೋಡ್ರಿ, ಅದಕ್ಕ ಟೀವಿಯೋರು ಕೇಳಂಗಿಲ್ಲ.

ನೇಪಾಳದಾಗ ಹೆದರೋ ವಿಷಯ ಐತಿ, ಇಲ್ಲ ಅನ್ನಂಗಿಲ್ಲ. ಮಳಿಗಾಲದಾಗ ಗುಡ್ಡ ಕುಸಿದು ಬಸ್ಸು ನದಿಗೆ ಬಿದ್ದಾವ. ಮುಕ್ತಿನಾಥ 3,700 ಮೀಟರ್ ಎತ್ತರ, ಉಬ್ಬಸ ಇದ್ದೋರು ಡಾಕ್ಟರನ್ನ ಕೇಳದ ಹತ್ತಬಾರದು. ಗಲಾಟೆ ಐತೋ ಇಲ್ಲೋ ಅನ್ನೋದು ಕಾಠ್ಮಂಡುವಿನ ಭಾರತದ ರಾಯಭಾರ ಕಚೇರಿ ಹೇಳ್ತೈತಿ, ಮೊಬೈಲಿನಾಗ ಮಕ್ಕಳ ಕೈಲಿ ನೋಡಿಸ್ರಿ. ವೀಸಾ ಬ್ಯಾಡ, ಪಾಸ್‌ಪೋರ್ಟ್ ಇಲ್ಲಂದ್ರ ವೋಟರ್ ಕಾರ್ಡ್ ನಡೀತೈತಿ. ಗುಡಿಯಾಗ ಪೂಜಿ ಮಾಡೋ ಭಟ್ಟರೂ ನಮ್ಮ ಕರ್ನಾಟಕದ ಕಡೆಯೋರೇ.

ಇನ್ನೊಂದು ಮಾತು, ಸಿಟ್ಟು ಮಾಡ್ಕೋಬ್ಯಾಡ್ರಿ. "ಕಾಲ ಸರಿ ಇಲ್ಲ, ಹೆಣ್ಮಕ್ಕಳು ಮನಿಯಾಗಿರ್ರಿ" ಅಂದ ನಮ್ಮ ಯಜಮಾನರುಗಳೇ ಮೊನ್ನೆ ಗಾಡಿ ಮಾಡ್ಕೊಂಡು ಮೂರು ದಿನ ಗೋವಾ ಸುತ್ತಿ ಬಂದ್ರಲ್ಲ? ಅವತ್ತು ಟೀವಿ ಕೆಟ್ಟಿತ್ತೇನು?