ದೊಡ್ಡವರ ಸಿನಿಮಾ, ಚಿಕ್ಕವರ ಕಣ್ಣು

ದೊಡ್ಡವರ ಸಿನಿಮಾ ನೋಡಿ ಮಕ್ಕಳು ಕೆಡುತ್ತಾರೆಂಬ ಮಾತು ನಮ್ಮಲ್ಲಿ ಹೊಸದಲ್ಲ. ಟಾಕೀಸು ಊರಿಗೆ ಬಂದ ದಿನದಿಂದಲೂ ಇದನ್ನು ಕೇಳುತ್ತಿದ್ದೇವೆ. ಶಾಲೆಯ ವಾರ್ಷಿಕೋತ್ಸವದ ಅಧ್ಯಕ್ಷರು ಇದನ್ನೇ ಹೇಳುತ್ತಾರೆ. ಮಠದ ಸಭೆಯಲ್ಲಿಯೂ ಇದೇ ಉಪದೇಶ. ಆದರೆ ಹೀಗೆ ಹೇಳುವವರಲ್ಲಿ ಬಹುಮಂದಿ ತಾವೇ ಬಾಲ್ಯದಲ್ಲಿ ತಾಯಿಯ ಸೆರಗು ಹಿಡಿದು ಟೆಂಟಿನೊಳಗೆ ಹೋಗಿ, ದೊಡ್ಡವರಿಗಾಗಿ ತೆಗೆದ ಚಿತ್ರಗಳನ್ನು ನೋಡಿದವರು. ಅಷ್ಟೇ ಅಲ್ಲ, ಆ ನೆನಪನ್ನು ಇಂದಿಗೂ ಅಕ್ಕರೆಯಿಂದ ಇಟ್ಟುಕೊಂಡವರು. ಹಾಗಾದರೆ ಅವರೆಲ್ಲ ಕೆಟ್ಟರೇ? ಈ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ನೋಡುವುದು ಅವಶ್ಯವೆಂದು ನಮಗೆ ತೋರುತ್ತದೆ.

1970ರ ದಶಕದಲ್ಲಿ ಗಿರಣಿ ಊರುಗಳಲ್ಲಿ ಬೆಳೆದ ನಮಗೆ ಮಕ್ಕಳ ಸಿನಿಮಾ ಎಂಬುದೊಂದು ಬೇರೆ ಇದೆಯೆಂದೇ ಗೊತ್ತಿರಲಿಲ್ಲ. ಸಂಜೆಯಾದರೆ ಧ್ವನಿವರ್ಧಕದಲ್ಲಿ ಘಂಟಸಾಲರ ವೆಂಕಟೇಶನ ಹಾಡು ಕೇಳಿಬರುತ್ತಿತ್ತು. ಅದು ಆಟ ಶುರುವಾಗುವ ಸೂಚನೆ. ಅಪ್ಪನಿಗೆ ಎರಡನೇ ಪಾಳಿ ಇಲ್ಲದ ದಿನ ಮನೆಮಂದಿಯೆಲ್ಲ ಹೊರಡುತ್ತಿದ್ದೆವು. ನೆಲದ ಟಿಕೆಟ್ಟು, ಮರಳು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂರುವುದು. ಮೊದಲು ಸರಕಾರದ ವಾರ್ತಾಚಿತ್ರ, ಆಮೇಲೆ ಸಿನಿಮಾ. ಇದ್ದದ್ದು ಒಂದೇ ಯಂತ್ರವಾದ್ದರಿಂದ ರೀಲು ಬದಲಿಸಲು ಎರಡು ಮೂರು ಸಲ ದೀಪ ಹತ್ತುತ್ತಿತ್ತು. ಆ ಬಿಡುವಿನಲ್ಲಿ ಅಕ್ಕಪಕ್ಕದವರೆಲ್ಲ ಕಥೆಯ ಮೇಲೆ ವಾದ ಹೂಡುತ್ತಿದ್ದರು. ನಾಯಕ ಮಾಡಿದ್ದು ಸರಿಯೇ, ಆ ಮಾವನಿಗೆ ಹೀಗೆಯೇ ಆಗಬೇಕಿತ್ತೇ ಎಂದು ನೇಕಾರರು, ಹಮಾಲರು, ಬೀಡಿ ಕಟ್ಟುವ ಹೆಂಗಸರು ಎಲ್ಲರೂ ತೀರ್ಪು ಕೊಡುವವರೇ. ಆ ಚರ್ಚೆಯ ನಡುವೆ ಕುಳಿತು ಶೇಂಗಾ ತಿನ್ನುತ್ತಿದ್ದ ನಮಗೆ ಅದೇ ಮೊದಲ ಪಾಠಶಾಲೆಯಾಯಿತು.

ಯಾವ ಚಿತ್ರಗಳನ್ನು ನೋಡಿದೆವು? 1969ರ ‘ಗೆಜ್ಜೆಪೂಜೆ’ ನೋಡಿದೆವು. ವೇಶ್ಯಾವೃತ್ತಿಯ ಮನೆಯಲ್ಲಿ ಹುಟ್ಟಿದ ಹುಡುಗಿಯೊಬ್ಬಳು ಓದಿ, ಮದುವೆಯಾಗಿ, ನಾಲ್ಕು ಜನರಂತೆ ಬಾಳಬೇಕೆಂದು ಹಂಬಲಿಸುವ ಕಥೆ ಅದು. ಆ ಮನೆಯ ಕಸುಬು ಏನೆಂಬುದು ಏಳೆಂಟು ವರ್ಷದ ನಮಗೆ ತಿಳಿಯಲಿಲ್ಲ. ಆದರೆ ಕಲ್ಪನಾ ಅವರ ಮುಖ ನೋಡಿ, ಊರೆಲ್ಲ ಸೇರಿ ಒಬ್ಬಳಿಗೆ ಅನ್ಯಾಯ ಮಾಡುತ್ತಿದೆ ಎಂಬುದು ತಿಳಿಯಿತು. 1972ರ ‘ಬಂಗಾರದ ಮನುಷ್ಯ’ ನೋಡಿದೆವು. ಬರಡು ನೆಲವನ್ನು ಹಸಿರು ಮಾಡಿದ ರಾಜೀವ ಕೊನೆಗೆ ಆ ಮನೆಯನ್ನೇ ಬಿಟ್ಟು ನಡೆದಾಗ, ದುಡಿದವನಿಗೆ ಈ ಗತಿ ಏಕೆಂದು ಅಮ್ಮನನ್ನು ಕೇಳಿದೆವು. ಅಮ್ಮ ಉತ್ತರ ಹೇಳಲಿಲ್ಲ, ಕಣ್ಣೊರೆಸಿಕೊಂಡಳು. ಶಿವರಾಮ ಕಾರಂತರ ಕಾದಂಬರಿಯಿಂದ ಬಿ. ವಿ. ಕಾರಂತರು ತೆಗೆದ 1975ರ ‘ಚೋಮನ ದುಡಿ’ಯಲ್ಲಿ, ಎತ್ತು ಇದ್ದೂ ಉಳಲು ಭೂಮಿಯಿಲ್ಲದ, ಕೇಳಿದರೂ ಜಾತಿಯ ದೆಸೆಯಿಂದ ಸಿಕ್ಕದ ಒಬ್ಬ ಮುದುಕನನ್ನು ಕಂಡೆವು. ಭೂಸುಧಾರಣೆಯ ಶಾಸನಕ್ಕೆ 1974ರಲ್ಲಿ ತಿದ್ದುಪಡಿಯಾದ ಸುದ್ದಿ ನಮ್ಮ ಕಿವಿಗೆ ಬಿದ್ದಿದ್ದರೂ ಅರ್ಥವಾಗಿರಲಿಲ್ಲ. ಚೋಮನ ದುಡಿಯ ಸದ್ದು ಮಾತ್ರ ಅರ್ಥವಾಯಿತು.

ಇಲ್ಲಿಯೇ ನಮ್ಮ ಮುಖ್ಯ ಮಾತಿದೆ. ಮಗು ಎಲ್ಲವನ್ನೂ ತಿಳಿಯಬೇಕಾಗಿಲ್ಲ. ಅರ್ಥವಾಗದೆ ಉಳಿದದ್ದು ಬೀಜದಂತೆ ಒಳಗೆ ಕುಳಿತಿರುತ್ತದೆ. ಮುಂದೆ ತಾನೇ ಕೂಲಿಗೆ ನಿಂತಾಗ, ತಾನೇ ಸಾಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತುವುದನ್ನು ನೋಡಿದಾಗ ಮೊಳೆಯುತ್ತದೆ. ನಮ್ಮಲ್ಲಿ ಅನೇಕರಿಗೆ ಅನ್ಯಾಯವೆಂಬ ಪದ ಪುಸ್ತಕದಿಂದ ಬರಲಿಲ್ಲ, ಬಿಳಿ ಪರದೆಯಿಂದ ಬಂದಿತು.

ಹಾಗೆಂದು ಅಂದಿನ ಚಿತ್ರಗಳೆಲ್ಲ ಒಳ್ಳೆಯವೆಂದು ನಾವು ವಾದಿಸುವುದಿಲ್ಲ. ಹೆಂಗಸಿನ ಮಾನಭಂಗವನ್ನೇ ಮನರಂಜನೆಯಾಗಿ ಮಾರಿದ ಚಿತ್ರಗಳೂ ಬಂದವು. ಹೆಂಡತಿಗೆ ಹೊಡೆದರೆ ಚಪ್ಪಾಳೆ ತಟ್ಟಿಸಿದ ಚಿತ್ರಗಳೂ ಬಂದವು. ಅಂಥ ಹೊತ್ತಿನಲ್ಲಿ ಅಮ್ಮನ ಅಂಗೈ ನಮ್ಮ ಕಣ್ಣಿಗೆ ಅಡ್ಡ ಬರುತ್ತಿತ್ತು. ಆ ಅಂಗೈಯೇ ನಿಜವಾದ ಸೆನ್ಸಾರು. ಯಾವುದನ್ನು ನೋಡಬಹುದು, ಯಾವುದನ್ನು ಬಾರದು ಎಂದು ಅದು ಆ ಕ್ಷಣದಲ್ಲಿ, ಆ ಮಗುವಿಗಾಗಿ ನಿರ್ಧರಿಸುತ್ತಿತ್ತು.

ಸರಕಾರದ ಸೆನ್ಸಾರಿನ ಚರಿತ್ರೆ ಬೇರೆಯೇ ಇದೆ. 1952ರ ಸಿನಿಮಾ ಶಾಸನ ಚಿತ್ರಗಳನ್ನು ‘ಯು’ ಮತ್ತು ‘ಎ’ ಎಂದು ವಿಂಗಡಿಸಿತು. 18 ತುಂಬದವರಿಗೆ ‘ಎ’ ಚಿತ್ರ ನಿಷಿದ್ಧ. ಉದ್ದೇಶ ಒಳ್ಳೆಯದೇ. ಆದರೆ ಅದರ ಕತ್ತರಿ ಯಾರ ಮೇಲೆ ಬಿದ್ದಿತು? ‘ಆವಾರಾ’ ಚಿತ್ರದ ಕಥೆಗಾರರಾದ ಖ್ವಾಜಾ ಅಹ್ಮದ್ ಅಬ್ಬಾಸರು ನಾಲ್ಕು ಮಹಾನಗರಗಳ ಸಿರಿವಂತರ ಬಾಳನ್ನೂ ಬಡವರ ಬಾಳನ್ನೂ ಎದುರುಬದುರು ಇಟ್ಟು ಒಂದು ಕಿರುಚಿತ್ರ ತೆಗೆದರು. ಅದರಲ್ಲಿ ಮುಂಬಯಿಯ ಸೂಳೆಗೇರಿಯ ಕೆಲವು ದೃಶ್ಯಗಳಿದ್ದವು. ‘ಯು’ ಪತ್ರ ಕೊಡುವುದಿಲ್ಲವೆಂದಿತು ಮಂಡಳಿ. ಅಬ್ಬಾಸರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 1970ರ ತೀರ್ಪಿನಲ್ಲಿ ನ್ಯಾಯಾಲಯ ಸೆನ್ಸಾರಿನ ಅಧಿಕಾರವನ್ನು ಎತ್ತಿಹಿಡಿಯಿತು. ನಾವು ಕೇಳುವುದಿಷ್ಟೆ: ಆ ಬೀದಿಯ ಚಿತ್ರವನ್ನು ಮಗು ನೋಡಬಾರದೆಂದರೆ, ಆ ಬೀದಿಯಲ್ಲೇ ಹುಟ್ಟಿ ಬೆಳೆಯುವ ಮಗುವಿಗೆ ಯಾವ ಪತ್ರ ಕೊಟ್ಟಿದ್ದೀರಿ?

ನಮ್ಮ ‘ಸಂಸ್ಕಾರ’ ಚಿತ್ರಕ್ಕೂ 1970ರಲ್ಲಿ ಮೊದಲು ಮದರಾಸಿನ ಸೆನ್ಸಾರು ಅನುಮತಿ ನಿರಾಕರಿಸಿತು. ಆಮೇಲೆ ಅದೇ ಚಿತ್ರ ರಾಷ್ಟ್ರದ ಅತ್ಯುತ್ತಮ ಚಿತ್ರವೆಂದು ಪ್ರಶಸ್ತಿ ಪಡೆಯಿತು. ಅದರಲ್ಲಿ ಚಂದ್ರಿಯಾಗಿ ನಟಿಸಿದ ಸ್ನೇಹಲತಾ ರೆಡ್ಡಿಯವರು ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನ ಸೆರೆಮನೆಯಲ್ಲಿ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಮಕ್ಕಳನ್ನು ಕಾಪಾಡುತ್ತೇವೆಂದು ಕತ್ತರಿ ಹಿಡಿದವರು ದೊಡ್ಡವರಿಂದಲೂ ಸತ್ಯವನ್ನು ಕಾಪಾಡಿಡಲು ಹಿಂಜರಿಯುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಇನ್ನು ಇಂದಿನ ಸ್ಥಿತಿ ನೋಡಿ. 2023ರ ತಿದ್ದುಪಡಿ ‘ಯುಎ’ ಪತ್ರವನ್ನು 7, 13, 16 ವರ್ಷಗಳ ಮೆಟ್ಟಿಲುಗಳಾಗಿ ಒಡೆಯಿತು. ಮೆಟ್ಟಿಲು ಹತ್ತಿ ಒಳಗೆ ಹೋಗುವ ಯೋಗ್ಯತೆ ದುಡಿಯುವವನ ಕುಟುಂಬಕ್ಕೆ ಎಲ್ಲಿದೆ? ಊರಿನ ಹಳೆಯ ಚಿತ್ರಮಂದಿರಗಳು ಒಂದೊಂದಾಗಿ ಮುಚ್ಚಿ ಕಲ್ಯಾಣಮಂಟಪ, ಗೋದಾಮುಗಳಾಗಿವೆ. ಮಾಲಿನ ಚಿತ್ರಮಂದಿರದಲ್ಲಿ ಐದು ಜನ ಕೂತೆದ್ದರೆ ವಾರದ ರೇಷನ್ನಿನ ದುಡ್ಡು ಹೋಯಿತು. ಟಿಕೆಟ್ಟಿಗೆ 200 ರೂಪಾಯಿಯ ಮಿತಿ ಹಾಕುವುದಾಗಿ ರಾಜ್ಯ ಸರಕಾರ 2025ರ ಮುಂಗಡಪತ್ರದಲ್ಲಿ ಸಾರಿತು. ಸೆಪ್ಟೆಂಬರಿನಲ್ಲಿ ನಿಯಮ ಬಂದಿತು. ಅದೇ ತಿಂಗಳು ಉಚ್ಚ ನ್ಯಾಯಾಲಯದ ಮಧ್ಯಂತರ ತಡೆಯೂ ಬಂದಿತು. ಹೊರಗಿನ ತಿಂಡಿ ತರಬಾರದೆಂದು ಹೇಳುವ ಹಕ್ಕು ಚಿತ್ರಮಂದಿರದ ಮಾಲೀಕರಿಗಿದೆಯೆಂದು ಸರ್ವೋಚ್ಚ ನ್ಯಾಯಾಲಯ 2023ರ ಜನವರಿಯಲ್ಲಿ ಹೇಳಿತು. ಟೆಂಟಿನ ಮುಂದೆ ಶೇಂಗಾ, ಸೋಡಾ, ಮಂಡಕ್ಕಿ ಮಾರಿ ಸಂಸಾರ ಸಾಗಿಸುತ್ತಿದ್ದ ಚಿಕ್ಕ ವ್ಯಾಪಾರಿಗಳಿಗೆ ಇದರ ಅರ್ಥವೇನೆಂದು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆ ಬಾಗಿಲಲ್ಲಿ ತಡೆಯಲ್ಪಟ್ಟ ಮಗು ಸಿನಿಮಾ ಬಿಟ್ಟಿತೇ? ಇಲ್ಲ. ಮೂಲೆಯಲ್ಲಿ ಮೊಬೈಲು ಹಿಡಿದು ಕುಳಿತಿದೆ. ನಾವು ನೋಡಿದ್ದಕ್ಕಿಂತ ನೂರು ಪಾಲು ಹೆಚ್ಚು ನೋಡುತ್ತಿದೆ. ಆರಿಸಿ ಕೊಡುವುದು ಯಂತ್ರ. ಲಾಭ ಎಣಿಸುವುದು ಕಂಪೆನಿ. ಕಣ್ಣಿಗೆ ಅಡ್ಡ ಬರುವ ಅಂಗೈ ಇಲ್ಲ, ಕೇಳಿದರೆ ಹೇಳುವ ನೆರೆಯವರಿಲ್ಲ, ದೀಪ ಹತ್ತಿದಾಗ ವಾದ ಹೂಡುವ ಹಮಾಲನಿಲ್ಲ. ದೊಡ್ಡವರ ಲೋಕವನ್ನು ನಾವು ದೊಡ್ಡವರ ಜೊತೆಯಲ್ಲಿ ನೋಡಿದೆವು. ಇಂದಿನ ಮಗು ಅದನ್ನು ಒಂಟಿಯಾಗಿ ನೋಡುತ್ತಿದೆ. ಕೇಡು ಇರುವುದು ಈ ಒಂಟಿತನದಲ್ಲಿ.

ಆದುದರಿಂದ ಮಕ್ಕಳನ್ನು ಬೈಯುವ ಉಪದೇಶ ಸಾಕು. ಮಾಡಬೇಕಾದ ಕೆಲಸ ಸರಳವಾಗಿದೆ. ಟಿಕೆಟ್ಟಿನ ಬೆಲೆ ದುಡಿಯುವ ಕುಟುಂಬಕ್ಕೆ ನಿಲುಕುವಂತಾಗಲಿ. ಉಳಿದಿರುವ ಊರ ಚಿತ್ರಮಂದಿರಗಳಿಗೆ ನಗರಸಭೆ ತೆರಿಗೆಯಲ್ಲಿ ಕೈ ಬಿಗಿಹಿಡಿಯದಿರಲಿ. ಸಂಘದ ಕಚೇರಿಗಳಲ್ಲಿ, ಗ್ರಂಥಾಲಯಗಳಲ್ಲಿ, ಶಾಲೆಯ ಅಂಗಳಗಳಲ್ಲಿ ತಿಂಗಳಿಗೊಮ್ಮೆ ಒಂದು ಪರದೆ ಕಟ್ಟಿ ಒಳ್ಳೆಯ ಚಿತ್ರ ತೋರಿಸುವುದು ನಮ್ಮ ಕೈಯಲ್ಲೇ ಇದೆ. ಇದಕ್ಕೆ ಚಿತ್ರದ ಹಕ್ಕುದಾರರ ಒಪ್ಪಿಗೆ ಪಡೆಯಬೇಕು. ಚಿತ್ರ ಮುಗಿದ ಮೇಲೆ ದೀಪ ಹತ್ತಿಸಿ ಮಕ್ಕಳ ಪ್ರಶ್ನೆಗಳಿಗೆ ಕಿವಿಗೊಡೋಣ.

ತಂದೆತಾಯಿಯ ಬೆವರನ್ನೂ ಸಾಲವನ್ನೂ ದಿನವೂ ಮನೆಯಲ್ಲಿ ಕಾಣುವ ಮಗುವಿಗೆ ಪರದೆಯ ಮೇಲಿನ ಬೆವರು ವಿಷವಾಗಲಾರದು. ಅದನ್ನು ಮುಚ್ಚಿಟ್ಟು ಬಣ್ಣದ ಸುಳ್ಳನ್ನು ಮಾರುವವರಿಂದ ಮಕ್ಕಳನ್ನು ಕಾಪಾಡುವುದು ನಮ್ಮ ನಿಜವಾದ ಹೊಣೆ.