ಬೆಂಕಿಯ ಮೇಲಣ ಜಿಲ್ಲೆ

ವಾಚಕ ಸೋದರಿಯೊಬ್ಬರು ಕಳೆದ ತಿಂಗಳು ನನಗೊಂದು ಕಾಗದ ಬರೆದು, "ಝರಿಯಾ ಎಂಬ ಊರಿನಲ್ಲಿ ನೆಲದೊಳಗೆ ಬೆಂಕಿ ಉರಿಯುತ್ತಿದೆಯಂತೆ, ಅದರ ಮೇಲೆಯೇ ಜನರು ಒಲೆ ಹೂಡಿಕೊಂಡು ಬಾಳುತ್ತಿರುವರಂತೆ. ಅಂಥವರು ಗಂಟುಮೂಟೆ ಕಟ್ಟಿಕೊಂಡು ಬೇರೆ ಕಡೆಗೆ ಹೋಗಬಾರದೇಕೆ?" ಎಂದು ಕೇಳಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಒಂದು ಮಾತಿನಲ್ಲಿ ಉತ್ತರ ಹೇಳಿ ಮುಗಿಸುವಂಥದಲ್ಲ. ಆ ಜಿಲ್ಲೆಯನ್ನು ಆಳುವವರಾರು, ಅಲ್ಲಿ ನೆಲೆಸಿರುವವರಾರು, ಅವರ ಅನ್ನ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ತಿಳಿಯಬೇಕಾಗುತ್ತದೆ.

ಝರಿಯಾ ಇರುವುದು ಝಾರ್ಖಂಡ ರಾಜ್ಯದ ಧನಬಾದ್ ಜಿಲ್ಲೆಯಲ್ಲಿ. ಹೆಸರು ಕೇಳಿದೊಡನೆ 'ಧನ' ಶಬ್ದವೇ ನಮ್ಮ ಕಿವಿಗೆ ಬೀಳುವುದು ಸಹಜ; ಆದರೆ ಅದು 'ಧಾನ್', ಎಂದರೆ ಭತ್ತ, ಎಂಬುದರಿಂದ ಬಂದದ್ದೆಂದು ಹೇಳುವವರೂ ಉಂಟು. ಭತ್ತದ ಗದ್ದೆಗಳ ಆ ಸೀಮೆ ಹಿಂದೆ ಮಾನಭೂಮ್ ಜಿಲ್ಲೆಗೆ ಸೇರಿತ್ತು. ಗೋವಿಂದಪುರದಲ್ಲಿದ್ದ ಉಪವಿಭಾಗದ ಕಚೇರಿ 1908ರಲ್ಲಿ ಧನಬಾದಿಗೆ ಬಂದಿತು. 1956ನೆಯ ಇಸವಿ ಅಕ್ಟೋಬರಿನಲ್ಲಿ ಧನಬಾದ್ ಬಿಹಾರದೊಳಗೆ ಪ್ರತ್ಯೇಕ ಜಿಲ್ಲೆಯಾಯಿತು. ಮಾನಭೂಮಿಯ ಪುರುಲಿಯಾ ಭಾಗವು ಬಂಗಾಳಕ್ಕೆ ಹೋಯಿತು. 1991ರಲ್ಲಿ ಬೊಕಾರೊ ಜಿಲ್ಲೆಗಾಗಿ ಇದರ ಒಂದು ಪಾಲನ್ನು ಕತ್ತರಿಸಿಕೊಟ್ಟರು. 2000ದಲ್ಲಿ ಬಿಹಾರ ಹೋಗಿ ಝಾರ್ಖಂಡ ಬಂದಿತು. ಮೇಲಿನ ಗೆರೆಗಳು ಇಷ್ಟು ಸಲ ಬದಲಾದರೂ ಕೆಳಗಿನ ಇದ್ದಲಿನ ಪದರಗಳು ಇದ್ದಲ್ಲಿಯೇ ಇವೆ.

ಝರಿಯಾದ ಕಲ್ಲಿದ್ದಲಿಗೆ ಒಂದು ವಿಶೇಷ ಗುಣವುಂಟು. ಅದನ್ನು ಗಾಳಿಯಾಡದಂತೆ ಕಾಯಿಸಿದರೆ ಗಟ್ಟಿಯಾದ ಕೋಕ್ ಆಗುತ್ತದೆ. ಕೋಕ್ ಇಲ್ಲದೆ ದೊಡ್ಡ ಕುಲುಮೆಗಳಲ್ಲಿ ಕಬ್ಬಿಣ ಕರಗಿಸುವುದು ಕಷ್ಟ. ಈ ಜಾತಿಯ ಉತ್ತಮವಾದ ಇದ್ದಲು ನಮ್ಮ ದೇಶದಲ್ಲಿ ಮುಖ್ಯವಾಗಿ ದೊರೆಯುವುದು ಇಲ್ಲಿಯೇ. 1890ರ ದಶಕದಲ್ಲಿ ರೈಲುದಾರಿ ಬಂದದ್ದೇ ತಡ, ಜಮೀನ್ದಾರರಿಂದ ಗುತ್ತಿಗೆ ಹಿಡಿದು ಬಗೆಬಗೆಯ ಕಂಪನಿಗಳು ಅಗೆಯತೊಡಗಿದವು. ನೆಲ ಉಳುವವನಿಗೆ ತನ್ನ ನೇಗಿಲ ಕೆಳಗೇನಿದೆಯೆಂಬುದು ತಿಳಿಯುವುದರೊಳಗಾಗಿ ಅದು ಇನ್ನೊಬ್ಬರ ಪಾಲಾಗಿತ್ತು.

ಗಣಿ ಅಗೆದಂತೆಲ್ಲ ಬಾವಿಗಳ ನೀರು ಬತ್ತಿತು. 1914ರಲ್ಲಿ ಝರಿಯಾ ನೀರು ಸರಬರಾಜಿಗೆಂದೇ ಒಂದು ಮಂಡಲಿಯನ್ನು ಏರ್ಪಡಿಸಿ, ತೋಪ್‌ಚಾಂಚಿ ಎಂಬಲ್ಲಿ ದೊಡ್ಡ ಕೆರೆ ಕಟ್ಟಿ, ಕೊಳವೆಗಳಲ್ಲಿ ನೀರು ತರಬೇಕಾಯಿತು.

ಆಗ ದುಡಿಯಲು ಬಂದವರಲ್ಲಿ ಸಂತಾಲರು, ಬಾವುರಿಗಳು ಮೊದಲಾದ ಸುತ್ತಲ ಜನರು ಬಹಳ ಮಂದಿ. ಗಂಡ ಗುದ್ದಲಿಯಿಂದ ಇದ್ದಲು ಕಡಿದರೆ ಹೆಂಡತಿ ಬುಟ್ಟಿಯಲ್ಲಿ ಹೊರುವಳು. ಸಂಸಾರವೇ ಸಂಸಾರವಾಗಿ ಪಾತಾಳಕ್ಕಿಳಿಯುತ್ತಿದ್ದ ಕಾಲವದು. 1929ರ ನಿಯಮಗಳಿಂದ ಹೆಂಗಸರನ್ನು ಮೆಲ್ಲಮೆಲ್ಲನೆ ಒಳಗಣ ಕೆಲಸದಿಂದ ಬಿಡಿಸಿದರು. ಯುದ್ಧಕಾಲದಲ್ಲಿ, 1943ರಲ್ಲಿ, ಆಳುಗಳ ಅಭಾವವೆಂದು ಮತ್ತೆ ಇಳಿಸಿದರು. 1946ರಲ್ಲಿ ಮತ್ತೆ ತಡೆದರು. ಕತ್ತಲೆಯ ಕೆಲಸ ತಪ್ಪಿದ್ದು ಒಳ್ಳೆಯದೆಂದೇ ನಾವು ಹೇಳುವೆವು. ಆದರೆ ಎರಡು ಕೂಲಿ ಬರುತ್ತಿದ್ದ ಮನೆಗೆ ಒಂದೇ ಕೂಲಿ ಬರತೊಡಗಿದಾಗ ಆ ಗೃಹಿಣಿ ಏನು ಮಾಡಿದಳೆಂಬುದನ್ನು ಯಾವ ಕಾನೂನಿನ ಪುಸ್ತಕವೂ ಬರೆದಿಡಲಿಲ್ಲ.

ಇನ್ನು ಬೆಂಕಿಯ ವಿಚಾರ. ಹಸಿ ಹುಲ್ಲನ್ನು ಒತ್ತಾಗಿ ಬಣವೆ ಹಾಕಿದರೆ ಒಳಗೆ ಕಾವು ಹುಟ್ಟಿ ಹೊಗೆಯಾಡುವುದನ್ನು ನಮ್ಮ ರೈತರು ಬಲ್ಲರು. ಗಾಳಿ ತಾಗಿದ ಇದ್ದಲಿನಲ್ಲಿಯೂ ಕಾವು ಹೀಗೆಯೇ ಹುಟ್ಟುತ್ತದೆ. ಅದು ಹೊರಹೋಗಲು ದಾರಿಯಿಲ್ಲದಿದ್ದರೆ ತಾನೇ ತಾನಾಗಿ ಹೊತ್ತಿಕೊಳ್ಳುತ್ತದೆ. ಹಿಂದಿನ ಕಂಪನಿಗಳು ಸುಲಭವಾಗಿ ಸಿಕ್ಕಿದ್ದನ್ನು ತೆಗೆದುಕೊಂಡು, ಛಾವಣಿಗೆ ಆಧಾರವೆಂದು ನಿಲ್ಲಿಸಿದ ಇದ್ದಲಿನ ಕಂಬಗಳನ್ನು ಹಾಗೆಯೇ ಬಿಟ್ಟು, ಪೊಳ್ಳುಗಳಿಗೆ ಮರಳು ತುಂಬದೆ ಮುಂದೆ ಹೋದವು. ಮರಳು ತುಂಬಿಸುವುದಕ್ಕಾಗಿ 1939ರಲ್ಲಿ ಕಾನೂನು ಬಂದಿತು. ಬೆಂಕಿ ಅದಕ್ಕೂ ಮೊದಲೇ, 1916ರಲ್ಲಿ, ಭೌರಾದ ಗಣಿಯಲ್ಲಿ ಕಾಣಿಸಿಕೊಂಡಿತ್ತು. ಸಂಸ್ಕೃತದಲ್ಲಿ 'ಅಂಗಾರ' ಎಂದರೆ ಇದ್ದಲೂ ಹೌದು, ಕೆಂಡವೂ ಹೌದು. ತರಗತಿಯಲ್ಲಿ ಹುಡುಗರು ಇದೇನು ಅವ್ಯವಸ್ಥೆಯೆಂದು ಕೇಳುತ್ತಿದ್ದರು. ಝರಿಯಾವನ್ನು ನೋಡಿದರೆ ಎರಡರ್ಥಕ್ಕೂ ಒಂದೇ ಪದ ಸಾಕೆನಿಸುತ್ತದೆ.

ಉರಿದ ಪದರ ಬೂದಿಯಾಗಿ ಕುಸಿಯುತ್ತದೆ. ಕುಸಿದ ನೆಲ ಬಿರಿಯುತ್ತದೆ. ಬಿರುಕಿನಿಂದ ಇನ್ನಷ್ಟು ಗಾಳಿ ಇಳಿಯುತ್ತದೆ. 2017ನೆಯ ಇಸವಿ ಮೇ ತಿಂಗಳಲ್ಲಿ ಝರಿಯಾದ ಪೇಟೆಬೀದಿಯ ಪಕ್ಕದಲ್ಲಿಯೇ ನೆಲ ಬಾಯಿ ತೆರೆದು ತಂದೆ ಮಗ ಇಬ್ಬರನ್ನೂ ನುಂಗಿತು. ಮರುತಿಂಗಳು ಧನಬಾದ್–ಚಂದ್ರಪುರ ರೈಲುದಾರಿಯನ್ನು ಬೆಂಕಿಯ ಭಯದಿಂದ ಮುಚ್ಚಿದರು. ಮತ್ತೆ ರೈಲು ಓಡಿದ್ದು 2019ರಲ್ಲಿ. ಬೆಂಕಿಯೊಂದೇ ಅಪಾಯವೆಂದೂ ತಿಳಿಯಬೇಡಿ. 1975ನೆಯ ಡಿಸೆಂಬರ್ 27ರಂದು ಚಾಸ್‌ನಾಲಾ ಗಣಿಗೆ ಮೇಲಿನ ಹಳೆಯ ಪೊಳ್ಳಿನಲ್ಲಿ ನಿಂತ ನೀರು ನುಗ್ಗಿ 375 ಮಂದಿ ಪ್ರಾಣಬಿಟ್ಟರು.

ಕೋಕ್ ಆಗುವ ಇದ್ದಲಿನ ಗಣಿಗಳ ಆಡಳಿತವನ್ನು ಸರ್ಕಾರದವರು 1971ರಲ್ಲಿ ವಹಿಸಿಕೊಂಡು 1972ರಲ್ಲಿ ರಾಷ್ಟ್ರೀಕರಿಸಿದರು. ಅಂದಿನಿಂದ ಅಲ್ಲಿಯ ಮುಖ್ಯ ಒಡೆತನ ಭಾರತ್ ಕೋಕಿಂಗ್ ಕೋಲ್ ಕಂಪನಿಯದು. ಜಿಲ್ಲೆಗೆ ನಮ್ಮಲ್ಲಿರುವಂತೆಯೇ ಡೆಪ್ಯುಟಿ ಕಮಿಷನರೊಬ್ಬರಿದ್ದಾರೆ. ಆದರೆ ಗಣಿಯೂ ಅದರ ಕಾಲೊನಿಗಳೂ ಕಂಪನಿಯವು. ಗಣಿಗಳ ಸುರಕ್ಷತೆಯನ್ನು ನೋಡುವ ಕೇಂದ್ರ ಸರ್ಕಾರದ ಮಹಾನಿರ್ದೇಶನಾಲಯ ಧನಬಾದಿನಲ್ಲಿಯೇ ಇದ್ದರೂ ಡೆಪ್ಯುಟಿ ಕಮಿಷನರ ಕೈಕೆಳಗಿನದಲ್ಲ. ಬೆಂಕಿಯ ಮೇಲಿನವರನ್ನು ಸಾಗಿಸುವುದಕ್ಕೆ 2004ರಲ್ಲಿ ಮತ್ತೊಂದು ಪ್ರಾಧಿಕಾರವನ್ನು ನಿರ್ಮಿಸಿದರು. ಗೋಡೆ ಬಿರಿದ ಮನೆಯವನು ಯಾರ ಬಾಗಿಲು ತಟ್ಟಬೇಕೆಂಬುದಕ್ಕೇ ಒಬ್ಬ ವಕೀಲ ಬೇಕು.

2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 26,84,487. ಅರ್ಧಕ್ಕೂ ಮಿಕ್ಕಿದವರು ಪಟ್ಟಣವಾಸಿಗಳು. ಸಾವಿರ ಗಂಡಸರಿಗೆ ಹೆಂಗಸರು 909. ದೂರದೂರದಿಂದ ದುಡಿಯಲು ಗಂಡಸರು ಬಂದ ಸೀಮೆಯೆಂಬುದು ಈ ಒಂದು ಅಂಕೆಯಲ್ಲೂ ಕಾಣುತ್ತದೆ. ಬೀದಿಯಲ್ಲಿ ಖೋರ್ಠಾ, ಹಿಂದಿ, ಬಂಗಾಳಿ, ಸಂತಾಲಿ, ಉರ್ದು ಎಲ್ಲವೂ ಕೇಳಿಬರುತ್ತವೆ. ಒಂದು ಕಾಲಕ್ಕೆ ಒಂದೂವರೆ ಲಕ್ಷಕ್ಕೂ ಮಿಗಿಲಾಗಿದ್ದ ಕಂಪನಿಯ ಕೆಲಸಗಾರರು ಈಗ ನಲವತ್ತು ಸಾವಿರಕ್ಕೂ ಕಡಿಮೆ. ಸುರಂಗದ ಬದಲು ಬಯಲಗಣಿಗಳು ಬಂದವು; ನೂರಾಳುಗಳ ಕೆಲಸವನ್ನು ಒಂದು ಯಂತ್ರ ಮಾಡುತ್ತದೆ. ಕೆಲಸ ತಪ್ಪಿದವರ ಮಕ್ಕಳೂ ಕೆಲಸ ಸಿಗದೆ ಬಂದವರೂ ಗಣಿಯ ಅಂಚಿನಲ್ಲಿ ಇದ್ದಲು ಆಯ್ದು ಮಾರಿ ಜೀವಿಸುತ್ತಾರೆ. ಎರಡು ಮೂರು ಕ್ವಿಂಟಲು ಹೇರಿದ ಬೈಸಿಕಲ್ಲನ್ನು ಏರಿಬಾರದೆ, ತಳ್ಳಿಕೊಂಡೇ ಹತ್ತಾರು ಮೈಲಿ ನಡೆಯುವ ಗಂಡಸರನ್ನು ಅಲ್ಲಿಯ ಯಾವ ರಸ್ತೆಯಲ್ಲಾದರೂ ಕಾಣಬಹುದು. ಕಾನೂನಿನ ದೃಷ್ಟಿಯಲ್ಲಿ ಅದು ಕಳವು. ಮಕ್ಕಳ ಊಟವೂ ಅದೇ.

ಈಗ ಸೋದರಿಯವರ ಪ್ರಶ್ನೆಗೆ ಬರೋಣ. 2009ರಲ್ಲಿ ಕೇಂದ್ರ ಸರ್ಕಾರವು 7,112 ಕೋಟಿ ರೂಪಾಯಿಗಳ ಒಂದು ಯೋಜನೆಯನ್ನು ಒಪ್ಪಿತು. ಬೆಲಗಡಿಯಾ ಎಂಬಲ್ಲಿ ಮಹಡಿಮನೆಗಳೂ ಎದ್ದವು. ಕೆಲವರು ಹೋದರು. ಹೋದವರಲ್ಲಿ ಕೆಲವರು ಮರಳಿ ಬಂದರು. ಅಲ್ಲಿ ಸೂರು ಉಂಟು, ಆದರೆ ಗಣಿಯಿಲ್ಲ, ಪೇಟೆಯಿಲ್ಲ, ಮನೆಗೆಲಸಕ್ಕೆ ಕರೆಯುವ ಮನೆಗಳಿಲ್ಲ. ಝರಿಯಾಕ್ಕೆ ಹೋಗಿಬರುವ ಗಾಡಿಯ ಬಾಡಿಗೆಗೇ ದಿನದ ಗಳಿಕೆಯಲ್ಲೊಂದು ಪಾಲು ಹೋಗುತ್ತದೆ. ಮೇಲಾಗಿ, ನೆಲಕ್ಕೆ ಕಾಗದಪತ್ರವುಳ್ಳವರ ಪಟ್ಟಿ ಒಂದು, ಇಲ್ಲದವರ ಪಟ್ಟಿ ಇನ್ನೊಂದು. 2019ರ ಎಣಿಕೆಯಲ್ಲಿ ಕಂಡ ಸುಮಾರು ಒಂದು ಲಕ್ಷ ಕುಟುಂಬಗಳಲ್ಲಿ ಹೆಚ್ಚಿನವರು ಎರಡನೆಯ ಪಟ್ಟಿಯವರು. ಮೂರು ತಲೆಮಾರು ಅಲ್ಲಿಯೇ ಹುಟ್ಟಿ ಸತ್ತಿದ್ದರೂ ಅವರು ಕಡತದಲ್ಲಿ ಅತಿಕ್ರಮಿಗಳು.

ಬೆಂಕಿಯ ಹರವು ಕಡಿಮೆಯಾಗಿದೆಯೆಂಬುದನ್ನೂ ಹೇಳಬೇಕು. ರಾಷ್ಟ್ರೀಕರಣದ ಕಾಲದಲ್ಲಿ 17 ಚದರ ಕಿಲೋಮೀಟರಿಗೂ ಮಿಗಿಲಾಗಿದ್ದುದು 2021ರ ಅಳತೆಯಲ್ಲಿ 1.8ಕ್ಕೆ ಇಳಿದಿದೆಯೆಂದು ಸರ್ಕಾರದವರ ಲೆಕ್ಕ. ಆದರೂ ಆ ಉಳಿದಷ್ಟರ ಮೇಲೆ ಮಲಗುವವರಿಗೆ ಲೆಕ್ಕ ಬೇರೆ.

2025ನೆಯ ಇಸವಿ ಜೂನಿನಲ್ಲಿ 5,940 ಕೋಟಿ ರೂಪಾಯಿಗಳ ತಿದ್ದಿದ ಯೋಜನೆಯೊಂದನ್ನು ಒಪ್ಪಿದರು. ಈ ಸಲ ಮನೆಯೊಂದನ್ನೇ ಅಲ್ಲದೆ ಜೀವನೋಪಾಯವನ್ನೂ ಗಮನಕ್ಕೆ ತಂದುಕೊಂಡು, ಕಾಗದಪತ್ರ ಉಳ್ಳವರಿಗೂ ಇಲ್ಲದವರಿಗೂ ಸಮನಾಗಿ ಕುಟುಂಬವೊಂದಕ್ಕೆ ಒಂದು ಲಕ್ಷ ರೂಪಾಯಿ ನೆರವು, ಮೂರು ಲಕ್ಷದವರೆಗೆ ಸಾಲ, ಕಸುಬು ಕಲಿಸುವ ಏರ್ಪಾಡು ಇವನ್ನು ಸೇರಿಸಿದ್ದಾರೆ. ಸೋದರಿಯವರು ಕೇಳಿದ ಆ ಒಲೆಯ ಮುಂದಿನ ಗೃಹಿಣಿಯು ಈ ಒಂದು ಲಕ್ಷವನ್ನೂ ತನ್ನ ಗಂಡನ ಬೈಸಿಕಲ್ಲಿನ ದಿನದಿನದ ಸಂಪಾದನೆಯನ್ನೂ ಅಕ್ಕಪಕ್ಕ ಇಟ್ಟು, ಎಷ್ಟು ತಿಂಗಳಿಗೆ ಸಾಕಾದೀತೆಂದು ಎಣಿಸುತ್ತಿರಬೇಕು.