ಪಾಸ್‌ವರ್ಡ್ ಸಾಹೇಬರದು, ದುಡಿಮೆ ನಮ್ಮದು



ಹಾಸ್ಟೆಲ್ಲಿನಲ್ಲಿ ಓದುತ್ತಿರುವ ನಿಮಗೆ ಈಗ ಎಲ್ಲರೂ ಹೇಳೋ ಮಾತು ಒಂದೇ. ಕಂಪ್ಯೂಟರ್ ಕಲೀರಪ್ಪ, ಕಂಪ್ಯೂಟರಿಗೆ ಜಾತಿ ಇಲ್ಲ. ಅಪ್ಪ ಪೊರಕೆ ಹಿಡಿದ ಪುರಸಭೆಯಲ್ಲೇ ಮಗ ಫ್ಯಾನಿನ ಕೆಳಗೆ ಕೂತು ಕೀಲಿ ಒತ್ತಬಹುದು. ಹೀಗೆ ಹೇಳುವವರಲ್ಲಿ ಮಂತ್ರಿಗಳೂ ಇದ್ದಾರೆ, ನಮ್ಮ ಒಳ್ಳೇದು ಬಯಸುವ ಮೇಷ್ಟ್ರುಗಳೂ ಇದ್ದಾರೆ. ಕಂಪ್ಯೂಟರಿಗೆ ಜಾತಿ ಇಲ್ಲದೇ ಇರಬಹುದು. ಅದರ ಮುಂದೆ ಹಾಕಿರುವ ಕುರ್ಚಿಗೆ ಇದೆ.

ಒಂದು ಪುರಸಭೆಯ ಸಿಬ್ಬಂದಿ ಶಾಖೆಗೆ ಹೋಗಿ ನೋಡಿ. ಹಿಂದೆ ಅಲ್ಲಿ ಕಬ್ಬಿಣದ ಬೀರು, ದಾರ ಕಟ್ಟಿದ ಕಡತ, ನೌಕರನಿಗೊಂದು ಸೇವಾ ಪುಸ್ತಕ ಇತ್ತು. ಅದನ್ನು ಬರೆಯುವ ಗುಮಾಸ್ತನಿಗೆ ಮಂಜೂರಾದ ಹುದ್ದೆ ಇತ್ತು, ಬಡ್ತಿ ಇತ್ತು, ಪಿಂಚಣಿ ಇತ್ತು. ಆ ಹುದ್ದೆಗೆ ಮೀಸಲಾತಿಯೂ ಇತ್ತು. ಎಷ್ಟೋ ವರ್ಷ ಬಡಿದಾಡಿ ನಮ್ಮವರು ಆ ಮೇಜಿನ ಹತ್ತಿರ ಬಂದರು. ಬಂದ ಹೊತ್ತಿಗೆ ಏನಾಯ್ತು? ಬೀರು ಹೋಗಿ ಕಂಪ್ಯೂಟರ್ ಬಂತು, ಹುದ್ದೆ ಖಾಲಿ ಉಳೀತು, ಕೆಲಸ ಮಾತ್ರ ಏಜೆನ್ಸಿಯವನ ಕೈಗೆ ಹೋಯ್ತು. ಈಗ ಅಲ್ಲಿ ಕೂತಿರೋನು ಹೊರಗುತ್ತಿಗೆ ಆಪರೇಟರ್. ಅವನ ಹೆಸರು ಆ ಶಾಖೆಯ ಯಾವ ಸೇವಾ ಪುಸ್ತಕದಲ್ಲೂ ಇಲ್ಲ.

ಅವನ ಕೆಲಸ ಏನು ಅಂತ ಕೇಳಿ. ಸಂಬಳದ ಬಿಲ್ಲು ತಂತ್ರಾಂಶದಲ್ಲಿ ತಯಾರಾಗಬೇಕು. ಯಾರಿಗೆ ವೇತನ ಬಡ್ತಿ, ಯಾರ ರಜೆ ಕಡಿತ, ಯಾರಿಗೆ ತುಟ್ಟಿಭತ್ಯೆಯ ಬಾಕಿ, ಎಲ್ಲವನ್ನೂ ಅವನೇ ಊಡಬೇಕು. ಹಾಜರಾತಿ ಯಂತ್ರ ಕೆಟ್ಟರೆ ಅವನನ್ನೇ ಕರೀತಾರೆ. ಸರ್ವರ್ ಸಿಗದಿದ್ದರೆ ರಾತ್ರಿ ಹತ್ತರವರೆಗೆ ಕಾದು ಕೂರಬೇಕು. ನುಡಿಯಲ್ಲಿ ಟೈಪಾದ ಪತ್ರ ಯೂನಿಕೋಡಿಗೆ ಬಂದು ಕಲಸುಮೇಲೋಗರವಾದರೆ ಸರಿಮಾಡಬೇಕು. ಡಿಜಿಟಲ್ ಸಹಿಯ ಕಡ್ಡಿಯನ್ನು ಕಂಪ್ಯೂಟರ್ ಗುರುತಿಸದಿದ್ದರೆ ಬಯ್ಗುಳ ಇವನಿಗೆ. ನಡುವೆ ಸಾಹೇಬರ ಮಗಳ ಸಿಇಟಿ ಅರ್ಜಿ ತುಂಬೋದೂ ಇವನೇ, ಅದಕ್ಕೇನು ಟೆಂಡರ್ ಕರೆದಿಲ್ಲ. ಊರವರಿಗೆಲ್ಲ ತಿಂಗಳ ಸಂಬಳ ಹಾಕುವ ಇವನಿಗೆ ಏಜೆನ್ಸಿಯಿಂದ ಬರೋದು ಮೂರು ತಿಂಗಳಿಗೊಮ್ಮೆ.

ಇನ್ನು ಪಾಸ್‌ವರ್ಡಿನ ವಿಷಯ. ಬಿಲ್ಲಿಗೆ ಒಪ್ಪಿಗೆ ಕೊಡಬೇಕಾದವರು ಅಧಿಕಾರಿ. ಒಬ್ಬರು ಊಡಬೇಕು, ಇನ್ನೊಬ್ಬರು ಪರಿಶೀಲಿಸಬೇಕು, ಮತ್ತೊಬ್ಬರು ಸಹಿ ಹಾಕಬೇಕು. ನಿಯಮ ಇರೋದು ಹಾಗೆ. ನಡೆಯೋದು ಬೇರೆ. "ಏಯ್, ನನ್ನ ಪಾಸ್‌ವರ್ಡ್ ನಿನ್ಹತ್ರ ಇದೆಯಲ್ಲೋ, ಹಾಕ್ಬಿಡು" ಅಂತ ಫೋನಿನಲ್ಲಿ ಅಪ್ಪಣೆ. ಸಹಿಯ ಕಡ್ಡಿ ಆಪರೇಟರನ ಡ್ರಾಯರಿನಲ್ಲೇ ಇರುತ್ತೆ. ಮೂರು ಜನರ ಕೆಲಸ ಒಬ್ಬನ ಬೆರಳಿನಲ್ಲಿ. ನಾಳೆ ಲೆಕ್ಕ ತಪ್ಪಿ ಆಡಿಟ್ ಬಂದರೆ ಸಾಹೇಬರು ಹೇಳ್ತಾರೆ, "ನನಗೇನು ಗೊತ್ತು, ಆ ಹೊರಗುತ್ತಿಗೆ ಹುಡುಗ ಮಾಡಿದ್ದು". ಸಾಹೇಬರ ಮೇಲೆ ಇಲಾಖಾ ವಿಚಾರಣೆ ನಡೆಯಬೇಕಾದರೆ ನೋಟೀಸು, ಉತ್ತರ, ಸಾಕ್ಷಿ, ವರ್ಷಗಟ್ಟಲೆ ಸಮಯ. ಈ ಹುಡುಗನಿಗೆ ಏಜೆನ್ಸಿಯಿಂದ ಒಂದು ಫೋನು, ನಾಳೆಯಿಂದ ಬರಬೇಡ. ಹಿಂದೆ ಊರ ಶಾನುಭೋಗನ ಕೈಯಲ್ಲಿ ಲೆಕ್ಕದ ಪುಸ್ತಕ ಇತ್ತು, ಅಧಿಕಾರವೂ ಇತ್ತು. ಪುಸ್ತಕ ನಮ್ಮ ಕೈಗೆ ಬಂದಾಗ ಅಧಿಕಾರವನ್ನು ಅದರಿಂದ ಕಿತ್ತುಕೊಂಡರು. ಇದು ತಾನಾಗಿ ಆದದ್ದು ಅಂತ ನಂಬೋರು ನಂಬಲಿ.

ಈಗ ಹೆಬ್ಬೆಟ್ಟಿನ ಯಂತ್ರದ ಮುಂದೆ ಬನ್ನಿ. ಬೆಳಗಿನ ಆರು ಗಂಟೆಗೆ ಪೌರಕಾರ್ಮಿಕ ಹೆಂಗಸರು ಸಾಲು ನಿಂತಿರುತ್ತಾರೆ. ಬ್ಲೀಚಿಂಗ್ ಪೌಡರು, ಚರಂಡಿ ನೀರು, ಪೊರಕೆಯ ಹಿಡಿ, ಇವುಗಳಿಗೆ ಸಿಕ್ಕಿ ಬೆರಳಿನ ಗೆರೆ ಸವೆದು ಹೋಗಿದೆ. ಯಂತ್ರ ಒಪ್ಪಲ್ಲ. "ಅಣ್ಣಾ, ನನ್ನ ಬೆರಳು ಹಿಡೀತಿಲ್ಲ ಕಣಣ್ಣ, ನೋಡು ಒಂಚೂರು" ಅಂತ ಆ ತಾಯಿ ಆಪರೇಟರನ್ನು ಕೇಳ್ತಾಳೆ. ಅವನು ಬಟ್ಟೆಯಲ್ಲಿ ಒರೆಸಿ ಇನ್ನೊಂದು ಸಲ ಒತ್ತಿಸ್ತಾನೆ, ಎಡಗೈ ಒತ್ತಿಸ್ತಾನೆ. ಕೈಯಲ್ಲಿ ಬರೆದು ಹಾಜರಿ ಹಾಕಲು ಅವನಿಗೆ ಅಧಿಕಾರ ಇಲ್ಲ. ದುಡಿದದ್ದಕ್ಕೇ ಬೆರಳು ಸವೆದದ್ದು, ಬೆರಳು ಸವೆದದ್ದಕ್ಕೇ ದುಡಿಲಿಲ್ಲ ಅಂತ ಲೆಕ್ಕ! ಏಕಲವ್ಯನ ಹತ್ತಿರ ಒಂದೇ ಸಲ ಕೇಳಿದ್ದರು. ಇವರ ಹತ್ತಿರ ದಿನಾ ಕೇಳ್ತಾರೆ.

ಇದು ಸಣ್ಣ ತೊಂದರೆ ಅನ್ನೋರು 2018ನ್ನು ನೆನೆಸಿಕೊಳ್ಳಲಿ. ಆ ವರ್ಷ ಬೆಂಗಳೂರಿನಲ್ಲಿ ಪೌರಕಾರ್ಮಿಕರನ್ನು ಗುತ್ತಿಗೆದಾರರಿಂದ ಬಿಡಿಸಿ ಪಾಲಿಕೆಯೇ ನೇರ ಸಂಬಳ ಕೊಡುವ ಪದ್ಧತಿ ಶುರುವಾಯ್ತು. ಬಯೋಮೆಟ್ರಿಕ್ ಬಂತು, ಪಟ್ಟಿಯಲ್ಲಿ ಸುಳ್ಳು ಹೆಸರುಗಳಿವೆ ಎಂಬ ಮಾತು ಬಂತು. ಗುತ್ತಿಗೆದಾರರು ಸುಳ್ಳು ಹೆಸರು ಬರೆಸಿದ್ದರೆ ಅವರನ್ನು ಹಿಡೀಬೇಕಿತ್ತು. ಸಂಬಳ ನಿಂತದ್ದು ನಿಜವಾಗಿ ಗುಡಿಸಿದವರದ್ದು. ತಿಂಗಳುಗಟ್ಟಲೆ ಸಂಬಳ ಕಾಣದೆ ಒಬ್ಬ ಪೌರಕಾರ್ಮಿಕ ಆ ಜುಲೈನಲ್ಲಿ ಪ್ರಾಣ ಕಳೆದುಕೊಂಡ. ಸಿಬ್ಬಂದಿ ಪಟ್ಟಿ ಅನ್ನೋದು ಬರೀ ಕಂಪ್ಯೂಟರಿನ ವಿಷಯವಲ್ಲ. ಆ ಪಟ್ಟಿಯಲ್ಲಿ ಹೆಸರು ಬಿಟ್ಟರೆ ಮನೆಯಲ್ಲಿ ಒಲೆ ಹೊತ್ತಲ್ಲ.

ಹೊರಗುತ್ತಿಗೆಯಲ್ಲೂ ಮೀಸಲಾತಿ ಬಂತಲ್ಲ ಅಂತ ಕೆಲವರು ನಮಗೆ ಸಮಾಧಾನ ಹೇಳ್ತಾರೆ. ಬಂತು. 2024ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಸುತ್ತೋಲೆ ಹೊರಡಿಸಿತು, ಚಪ್ಪಾಳೆ ಬಿತ್ತು. ಕೆಳಗಿನ ಸಾಲು ಓದಿದ್ದೀರಾ? 45 ದಿನಕ್ಕಿಂತ ಕಡಿಮೆ ಅವಧಿಯದಾದರೆ ಇಲ್ಲ, 20 ಜನಕ್ಕಿಂತ ಕಡಿಮೆ ಇದ್ದರೆ ಇಲ್ಲ. ಪುರಸಭೆಯ ಸಿಬ್ಬಂದಿ ಶಾಖೆಗೆ ಎಷ್ಟು ಆಪರೇಟರ್ ಬೇಕಪ್ಪ? ಒಬ್ಬ. ಬಹಳ ಅಂದರೆ ಇಬ್ಬರು. ಶಾಖೆಗೊಂದು ಟೆಂಡರ್ ಕರೆದರೆ ಮುಗೀತು, ಮೀಸಲಾತಿ ಆಫೀಸಿನ ಮೆಟ್ಟಿಲೇ ಹತ್ತಲ್ಲ. ಕಾರ್ಮಿಕ ಕಾನೂನಿನ ಕತೆಯೂ ಇದೇ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ 20 ಜನ ಇದ್ದ ಕಡೆ ಅನ್ವಯವಾಗುತ್ತಿತ್ತು. ಅದರ ಜಾಗದಲ್ಲಿ 2025ರ ನವೆಂಬರಿನಲ್ಲಿ ಜಾರಿಗೆ ಬಂದ ಸಂಹಿತೆ 50 ಜನ ಬೇಕು ಅನ್ನುತ್ತೆ. ಪೊರಕೆಗೆ ಮಾತ್ರ ಯಾವ ಸುತ್ತೋಲೆಯೂ ಬೇಕಾಗಲಿಲ್ಲ ನೋಡಿ. ಅಲ್ಲಿ ನಮ್ಮವರನ್ನು ಬಿಟ್ಟು ಬೇರೆಯವರು ಬರೋದೇ ಅಪರೂಪ, ಆಗ ಮೆರಿಟ್ಟಿನ ಮಾತೂ ಯಾರೂ ಎತ್ತಲ್ಲ.

ಖಾಯಂ ಮಾಡಿ ಅಂದರೆ ಉಮಾದೇವಿ ಪ್ರಕರಣ ತೋರಿಸ್ತಾರೆ. 2006ರ ಏಪ್ರಿಲ್ 10ರ ಸುಪ್ರೀಂ ಕೋರ್ಟ್ ತೀರ್ಪು, ಹೋಗಿದ್ದು ನಮ್ಮ ಕರ್ನಾಟಕದಿಂದಲೇ. ಹಿಂಬಾಗಿಲಿನಿಂದ ಬಂದವರಿಗೆ ಖಾಯಮಾತಿಯ ಹಕ್ಕಿಲ್ಲ ಅಂದಿತು. ಸರಿ. ಖಾಲಿ ಹುದ್ದೆಗಳನ್ನು ಕ್ರಮವಾಗಿ ತುಂಬಿ ಅಂತಲೂ ಅದೇ ತೀರ್ಪು ಹೇಳಿತ್ತಲ್ಲ, ಆ ಪುಟವನ್ನು ಯಾವ ಅಧಿಕಾರಿ ತೋರಿಸಿದ? ಹಿಂಬಾಗಿಲು ತೆರೆದಿಟ್ಟು ಮುಂಬಾಗಿಲಿಗೆ ಬೀಗ ಹಾಕಿದವರು ಅವರೇ. 2024ರ ಡಿಸೆಂಬರ್ 20ರಂದು ಜಗ್ಗೋ ಎಂಬ ಕಾರ್ಮಿಕ ಮಹಿಳೆಯ ಹೆಸರಿನ ಪ್ರಕರಣದಲ್ಲಿ, ಉಮಾದೇವಿ ತೀರ್ಪನ್ನು ದೀರ್ಘಕಾಲ ದುಡಿದವರ ವಿರುದ್ಧ ಆಯುಧ ಮಾಡಿಕೊಳ್ಳಬಾರದು, ಹೊರಗುತ್ತಿಗೆಯನ್ನು ಗುರಾಣಿ ಮಾಡಿಕೊಳ್ಳಬಾರದು ಎಂಬ ಅರ್ಥದಲ್ಲಿ ಅದೇ ಸುಪ್ರೀಂ ಕೋರ್ಟ್ ಹೇಳಿತು. ಕೇಂದ್ರ ಜಲ ಆಯೋಗದ ಕಚೇರಿ ಗುಡಿಸಿದವರು ಗೆದ್ದ ಪ್ರಕರಣ ಅದು. ಕಂಪ್ಯೂಟರ್ ಕಲಿತವರಿಗೆ ಗುಡಿಸುವವರು ತೆರೆದುಕೊಟ್ಟ ದಾರಿ.

ಇಲ್ಲಿ ನಮ್ಮ ಹುಡುಗರಿಗೂ ಎರಡು ಮಾತು ಹೇಳಬೇಕು. ಆಪರೇಟರ್ ಆದ ಕೂಡಲೇ ಕುತ್ತಿಗೆಗೆ ಐಡಿ ಕಾರ್ಡು ಬರುತ್ತೆ, ಇಸ್ತ್ರಿ ಶರಟು ಬರುತ್ತೆ, ಕೇರಿಯ ಹೆಂಗಸು ಯಂತ್ರದ ಮುಂದೆ ನಿಂತಾಗ ಗುರುತಿಲ್ಲದವನ ಹಾಗೆ ಮುಖ ತಿರುಗಿಸೋದೂ ಬರುತ್ತೆ. 2022ರ ಜುಲೈನಲ್ಲಿ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಮುಷ್ಕರ ಕೂತಾಗ ಸರ್ಕಾರ ಮಾತುಕತೆಗೆ ಬಂತು. ಓದದೇ ಇದ್ದವರು ಬೀದಿಯಲ್ಲಿ ಕೂತು ಗಿಟ್ಟಿಸಿಕೊಂಡರು. ಡಿಪ್ಲೊಮಾ ಓದಿದವರು ಏಜೆನ್ಸಿಯವನ ಮೆಸೇಜಿಗೆ ಕಾಯುತ್ತಾ ಕೂತಿದ್ದೀರಿ. ನಿಮ್ಮ ಕುರ್ಚಿ ಅವರ ಪೊರಕೆಗಿಂತ ಗಟ್ಟಿ ಅಂತ ನಿಮಗೆ ಹೇಳಿದವರು ಯಾರು?

ಹಿಂದೆ ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ನಮ್ಮವರಿಗೆ ನೂಲುವ ಕೆಲಸ ಕೊಡುತ್ತಿದ್ದರು, ನೇಯ್ಗೆ ವಿಭಾಗಕ್ಕೆ ಸೇರಿಸುತ್ತಿರಲಿಲ್ಲ. ನೂಲು ತುಂಡಾದರೆ ಬಾಯಿಂದ ಹೀರಿ ಲಾಳಿಗೆ ಪೋಣಿಸಬೇಕು, ಎಂಜಲು ಮೈಲಿಗೆ ಅಂತ. ಹೆಚ್ಚು ಕೂಲಿ ಇದ್ದದ್ದು ನೇಯ್ಗೆಯಲ್ಲೇ. 1938ರಲ್ಲಿ ಮನ್ಮಾಡಿನ ದಲಿತ ರೈಲ್ವೆ ಕಾರ್ಮಿಕರ ಸಮ್ಮೇಳನದಲ್ಲಿ ಬಾಬಾಸಾಹೇಬರು ಬ್ರಾಹ್ಮಣಶಾಹಿ, ಬಂಡವಾಳಶಾಹಿ ಎರಡೂ ಕಾರ್ಮಿಕನ ಶತ್ರು ಅಂದದ್ದು ಇಂಥ ಅನುಭವದಿಂದ. ಈಗ ಎಂಜಲಿನ ಮಾತು ಯಾರೂ ಆಡಲ್ಲ. "ಮಂಜೂರಾದ ಹುದ್ದೆ ಇಲ್ಲ" ಅಂತಾರೆ, ಅಷ್ಟೆ.

ಇಷ್ಟು ಓದಿ ಸಿಟ್ಟು ಬಂದಿದ್ದರೆ ಒಂದು ಕೆಲಸ ಮಾಡಿ. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದಲ್ಲಿ ಒಂದೇ ವಿಷಯ, 150 ಪದದೊಳಗೆ ಬರೀಬೇಕು, ಇಲ್ಲದಿದ್ದರೆ ಅದನ್ನೇ ನೆಪ ಮಾಡಿ ಎಸೀತಾರೆ. ನಿಮ್ಮ ಊರಿನ ಪುರಸಭೆಗೆ ಹಾಕಿ. ಸಿಬ್ಬಂದಿ ಶಾಖೆಯಲ್ಲಿ ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಯಾವಾಗಿನಿಂದ ಖಾಲಿ ಅಂತ ಮೊದಲನೆಯದರಲ್ಲಿ ಕೇಳಿ. ಹೊರಗುತ್ತಿಗೆಯವರಿಗೆ ಪುರಸಭೆ ಏಜೆನ್ಸಿಗೆ ಕೊಟ್ಟ ಹಣ ತಿಂಗಳಿಗೆ ಎಷ್ಟು, ಏಜೆನ್ಸಿ ಭವಿಷ್ಯನಿಧಿಗೆ ಕಟ್ಟಿದ ಚಲನ್ನಿನ ನಕಲು ಎಲ್ಲಿ ಅಂತ ಎರಡನೆಯದರಲ್ಲಿ. ಆ ಚಲನ್ನನ್ನು ಆಪರೇಟರನ ಬ್ಯಾಂಕ್ ಪಾಸ್‌ಬುಕ್ಕಿನ ಪಕ್ಕ ಇಟ್ಟು ನೋಡಿ.